ಒಂಬತ್ತನೆಯ ಗೆರೆ

ಅವರ ಬಲಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಉಗುರಿನ ಜಾಗದಲ್ಲಿ ಒಣಗಿದ ಸೀಗೆಕಾಯಿ ಸಿಪ್ಪೆಯಂಥ ಚರ್ಮವಿತ್ತು. ಆ ಬೆಳಿಗ್ಗೆ ಗಂಜಾಮಿನ ನಮ್ಮ ಮನೆಯ ಬಾಗಿಲಿಗೆ ನೀರು ಚಿಮುಕಿಸಿ, ರಂಗೋಲಿ ಮುಗಿಸಿ ತಲೆ ಎತ್ತಿದರೆ, ಆ ಹೆಬ್ಬೆರಳು ನಮ್ಮ ಜಿಪ್ಸಿಯ ಮುಂದಿನ ಚಕ್ರವನ್ನು ಒತ್ತಿ ನೋಡುತ್ತಿತ್ತು. ಒತ್ತುವುದು, ಬಿಡುವುದು, ನಾಲ್ಕು ಬೆರಳು ಆಚೆ ಮತ್ತೆ ಒತ್ತುವುದು. ಹಲಸಿನ ಕಾಯಿ ಹಣ್ಣಾಗಿದೆಯೇ ಎಂದು ನೋಡುವವರ ಹಾಗೆ.

"ಯಾವಾಗ ಬಂದ್ರಿ ಮೇಸ್ತ್ರಿ?" ಎಂದೆ.

"ನೀವು ಚುಕ್ಕಿ ಮಡಗೋವಾಗ್ಲೇ ಬಂದೆ ಅಮ್ಮಾವ್ರೆ. ಮಾತಾಡ್ಸಿದ್ರೆ ಲೆಕ್ಕ ತಪ್ಪೋಯ್ತದೆ ಅಂತ ಸುಮ್ಕಿದ್ದೆ."

ಒಳಗೆ ಎಂದಿನ ಹಾಗೆ ಡಿಕಾಕ್ಷನ್ ಇಳಿಯುತ್ತಿತ್ತು. ಯಜಮಾನರು ಸ್ನಾನ ಮುಗಿಸಿ, ಎಂದಿಗಿಂತ ಹೆಚ್ಚು ಹೊತ್ತು ದೇವರ ಗೂಡಿನ ಮುಂದೆ ನಿಂತಿದ್ದರು. ಉಪ್ಪಿಟ್ಟಿನ ತಟ್ಟೆಯಲ್ಲಿ ಎರಡು ತುತ್ತು ತಿಂದು ಉಳಿದದ್ದನ್ನು ಚಮಚದಿಂದ ಅಂಚಿಗೆ ಸರಿಸಿದರು. ನಾನು ನೋಡಿಯೂ ನೋಡದ ಹಾಗೆ ತಟ್ಟೆ ಎತ್ತಿಕೊಂಡೆ. ಆ ಮನೆತನಕ್ಕೆ ಸೊಸೆಯಾಗಿ ಬಂದು ನಾಲ್ಕು ವರ್ಷವಾಗಿತ್ತು. ನೋಡಿಯೂ ನೋಡದ ಹಾಗೆ ಇರುವುದರಲ್ಲಿ ನಾನು ಪಳಗಿದ್ದೆ.

ಅಂದು ಏನಾಗಬೇಕಿತ್ತು ಎಂದು ಮೊದಲೇ ಹೇಳಿಬಿಡುತ್ತೇನೆ. ನಾಗಮಂಗಲದ ಆಚೆ ಒಂದು ಬೆಟ್ಟದ ತಲೆಯ ಮೇಲೆ ಸರ್ಕಾರದ ವೈರ್‌ಲೆಸ್ ಕೇಂದ್ರವಿತ್ತು. ಅಲ್ಲಿಗೆ ಬ್ಯಾಟರಿ, ಡೀಸೆಲ್, ಕಾವಲಿನವರ ದಿನಸಿ ಎಲ್ಲವೂ ಆಳುಗಳ ಹೆಗಲ ಮೇಲೆ ಹೋಗುತ್ತಿದ್ದವು. ಅದನ್ನು ಗಾಡಿಯಲ್ಲಿ ಮುಟ್ಟಿಸುವ ಕೆಲಸಕ್ಕೆ ನಮ್ಮ ಯಜಮಾನರು ಅರ್ಜಿ ಹಾಕಿದ್ದರು. ಇದ್ದ ಟೆಂಪೊ ಮಾರಿ ಈ ಸೆಕೆಂಡ್ ಹ್ಯಾಂಡ್ ಜಿಪ್ಸಿ ತಂದಿದ್ದರು. ಕೇಂದ್ರದ ಸಾಹೇಬರು ಒಂದು ಪರೀಕ್ಷೆ ಇಟ್ಟಿದ್ದರು: ಆರು ದೊಡ್ಡ ಬ್ಯಾಟರಿ ಹೇರಿಕೊಂಡು, ತಮ್ಮ ಕಣ್ಣೆದುರಿಗೆ, ಮೇಲಿನವರೆಗೆ ಹತ್ತಿ ಇಳಿಯಬೇಕು. ಹತ್ತಿ ಇಳಿದರೆ ಕೆಲಸ ನಮ್ಮದು. ಆಗದಿದ್ದರೆ ಜಿಪ್ಸಿ ಮಾರಿ, ಅರಕೆರೆಗೆ ವಾಪಸು ಹೋಗಿ, ದೊಡ್ಡ ಭಾವನವರ ಕೈಕೆಳಗೆ ಗದ್ದೆ ನೋಡಿಕೊಂಡಿರುವುದು. ಯಜಮಾನರು ಆ ಮನೆಯಿಂದ ಹೊರಬಂದ ದಿನ ಅಲ್ಲಿ ಆಡಿದ್ದ ಮಾತುಗಳು ನನಗೆ ಗೊತ್ತಿದ್ದವು. ವಾಪಸು ಹೋಗುವುದೆಂದರೆ ಆ ಮಾತುಗಳನ್ನೆಲ್ಲ ಮತ್ತೆ ನುಂಗುವುದು.

ಮೇಸ್ತ್ರಿಯನ್ನು ಹುಡುಕಿ ಕರೆತಂದವರು ಯಜಮಾನರೇ. ಪಾಂಡವಪುರದ ರಸ್ತೆಯಲ್ಲಿ ಅವರದೊಂದು ತಗಡಿನ ಶೆಡ್ಡು. ಹುಟ್ಟಿದ್ದು ಕೆ.ಆರ್. ಪೇಟೆಯ ಆಚೆ, ಹೇಮಗಿರಿಯ ಹತ್ತಿರ, ಹೊಳೆಯ ದಡದಲ್ಲಿ. ಮೆಕ್ಯಾನಿಕ್ ಆಗುವ ಮೊದಲು ಹದಿನಾಲ್ಕು ವರ್ಷ ಕಲ್ಲು ಕ್ವಾರಿಯಲ್ಲಿ ಲಾರಿ ಓಡಿಸಿದ್ದವರು. ಪಾತಾಳದಂಥ ಗುಂಡಿಯಿಂದ ಕಲ್ಲು ಹೇರಿಕೊಂಡು ಮೇಲೆ ಬರುವ ಲಾರಿ. "ರಸ್ತೆ ಮ್ಯಾಲೆ ಓಡ್ಸೋನು ಡ್ರೈವರು. ಗುಂಡಿಯಿಂದ ಮ್ಯಾಕೆ ತರೋನು ಬ್ಯಾರೆ" ಎನ್ನುತ್ತಿದ್ದರು. ಆ ಬೇರೆಯವನಿಗೆ ಏನೆನ್ನಬೇಕೆಂದು ಮಾತ್ರ ಹೇಳುತ್ತಿರಲಿಲ್ಲ.

ಬೆಟ್ಟ ಹತ್ತುವ ಗಾಡಿಯನ್ನು ಅವರು ಶೆಡ್ಡಿನಲ್ಲಿ ಬಿಚ್ಚುತ್ತಿರಲಿಲ್ಲ. ಗಾಡಿಯವರ ಮನೆಗೇ ಬಂದು ಬಿಚ್ಚುತ್ತಿದ್ದರು. "ಶೆಡ್ಡಲ್ಲಿ ಬುಟ್ಟೋದ್ರೆ ರೆಡಿಯಾದ್ಮೇಲೆ ಬಂದು ಕೀ ಇಸ್ಕೊಂಡು ಓಯ್ತಾರೆ. ಕಣ್ಮುಂದೆ ಬಿಚ್ಚಿದ್ರೆ ವಸಿ ಭಯ ಉಳೀತದೆ. ಆ ಭಯ ಇರ್ಬೇಕು." ಹೀಗೆ ಹತ್ತು ದಿನ ನಮ್ಮ ಅಂಗಳದ ನುಗ್ಗೆ ಮರದ ಕೆಳಗೆ ಜಿಪ್ಸಿ ಬಿಚ್ಚಿಕೊಂಡು ಮಲಗಿತ್ತು. ಮೊದಲ ದಿನ ನನ್ನನ್ನು ಕೂಗಿ, ಒಂದು ಹಳೆಯ ಸೀರೆ ಮತ್ತು ಒಂದು ಇಡ್ಲಿ ತಟ್ಟೆ ಕೇಳಿದರು. ಸೀರೆ ನೆಲಕ್ಕೆ ಹಾಸುವುದಕ್ಕೆ ಎಂದು ಅರ್ಥವಾಯಿತು. ಇಡ್ಲಿ ತಟ್ಟೆ ಏಕೆಂದು ತಿಳಿಯದೆ ಒಳ್ಳೆಯದನ್ನೇ ತೊಳೆದು ಕೊಟ್ಟೆ. ಅವರು ಅದರ ಒಂದೊಂದು ಗುಳಿಯಲ್ಲಿ ಒಂದೊಂದು ಭಾಗದ ನಟ್ಟು ಬೋಲ್ಟು ಬಿಡಿಸಿಟ್ಟರು. ಎಡ ಮುಂದಿನದು, ಬಲ ಮುಂದಿನದು, ಸ್ಪ್ರಿಂಗ್ ಕಮಾನಿನದು, ಸೈಲೆನ್ಸರಿನದು. ಸಂಜೆ ಗ್ರೀಸು ತುಂಬಿದ ತಟ್ಟೆ ನೋಡಿ ನಾನು ಪೆಚ್ಚಾಗಿ ನಿಂತಾಗ, "ಇನ್ನು ಇದು ನಂದೇ ಆಯ್ತು ಬುಡಿ" ಎಂದು ನಕ್ಕರು.

ಏನೇನು ಮಾಡಿದರು ಎಂಬುದು ನನಗೆ ಇಂದಿಗೂ ನೆನಪಿದೆ, ಏಕೆಂದರೆ ಎಲ್ಲವನ್ನೂ ಬರೆದುಕೊಂಡವಳು ನಾನು. ಹಿಂದಿನ ಬಂಪರು ಮತ್ತು ಮೆಟ್ಟಿಲು ಬಿಚ್ಚಿ ಪಕ್ಕಕ್ಕಿಟ್ಟರು, ಕಡಿದಾದ ಕಡೆ ನೆಲಕ್ಕೆ ತಾಗುತ್ತದೆಂದು. ಕಮಾನಿಗೆ ಒಂದೊಂದು ಪಟ್ಟಿ ಹೆಚ್ಚು ಸೇರಿಸಿ ಗಾಡಿಯನ್ನು ಮೂರು ಬೆರಳು ಎತ್ತರ ಮಾಡಿದರು. ಗೇರ್ ಬಾಕ್ಸಿನ ಹೊಟ್ಟೆಗೆ ದಪ್ಪ ತಗಡು ಕೊಟ್ಟರು. ಹಿಂದಿನ ಬಾಗಿಲಿಗೆ ನೇತುಹಾಕಿದ್ದ ಸ್ಟೆಪ್ನಿ ತೆಗೆದು ಮುಂದಿನ ಸೀಟಿನ ಬೆನ್ನಿಗೆ ತಂದರು. ಹಿಂದಿನ ಸೀಟುಗಳನ್ನು ಬಿಚ್ಚಿ, ಬ್ಯಾಟರಿ ಇಡುವುದಕ್ಕೆ ಮುಂದಿನ ಸೀಟಿಗೆ ತಾಗಿದಂತೆ ನೆಲದ ಮೇಲೆ ಮರದ ಚೌಕಟ್ಟು ಕೂರಿಸಿದರು.

"ಹಿಂದೆ ಅಷ್ಟು ಜಾಗ ಖಾಲಿ ಬಿಟ್ಟು ಮುಂದಕ್ಕೆ ಯಾಕೆ ಒತ್ತಿದ್ರಿ?" ಎಂದು ಒಂದು ಮಧ್ಯಾಹ್ನ ಕಾಫಿ ಕೊಡುತ್ತ ಕೇಳಿದೆ. ಕಾಫಿಯನ್ನು ಅವರು ಪೂರ್ತಿ ಆರಿಸಿ, ಒಂದೇ ಗುಟುಕಿಗೆ ಔಷಧಿಯ ಹಾಗೆ ಕುಡಿಯುತ್ತಿದ್ದರು.

"ಎತ್ತಿನ ಗಾಡಿ ದಿಬ್ಬ ಹತ್ತೋದು ನೋಡಿದ್ದೀರಾ?"

"ನೋಡಿದ್ದೀನಿ."

"ಎಂಗೆ ನೋಡಿದ್ರಿ? ಗಾಡಿ ಹೊಡಿಯೋನು ಎಲ್ಲಿ ಕೂತಿದ್ದ?"

ನನಗೆ ಗೊತ್ತಿರಲಿಲ್ಲ. ಅವರೇ ಹೇಳಿದರು. "ನಮ್ಮಪ್ಪ ಹೊಳೆದಂಡೆಯಿಂದ ಮರಳು ಹೇರ್ಕೊಂಡು ಮ್ಯಾಕೆ ಬರೋವಾಗ ಮುಂದಕ್ಕೆ ಜರುಗಿ ಮೂಕಿ ಮರದ ಮ್ಯಾಲೆ, ಎತ್ತಿನ ಬಾಲದತ್ರ ಕೂತ್ಕತಿದ್ದ. ಹಿಂಭಾರ ಆದ್ರೆ ನೊಗ ಮ್ಯಾಕೆ ಏಳ್ತದೆ. ನೊಗ ಎದ್ರೆ ಹಗ್ಗ ಎತ್ತಿನ ಕೊರಳು ಹಿಸುಕ್ತದೆ. ಎತ್ತು ಎಷ್ಟು ಬಲವಾಗಿದ್ರೂ ಅಷ್ಟೇಯ. ಇದಕ್ಕೂ ಕೊರಳು ಅದೆ ಅಮ್ಮಾವ್ರೆ, ಕಾಣಕಿಲ್ಲ ಅಷ್ಟೆ" ಎಂದು ಜಿಪ್ಸಿಯ ಮೂತಿ ತಟ್ಟಿದರು.

ಅವರಿಗೆ ಓದು ಬರುತ್ತಿರಲಿಲ್ಲ. ಆದರೆ ಅವರು ರೆಡಿ ಮಾಡಿದ ಪ್ರತಿ ಗಾಡಿಗೂ ಒಂದು ಕಾಗದವಿರುತ್ತಿತ್ತು. ಹೊರಡುವ ಮೊದಲು ನೋಡಬೇಕಾದದ್ದನ್ನು ಅವರು ಹೇಳುವುದು, ಮನೆಯವರು ಯಾರಾದರೂ ಬರೆದುಕೊಳ್ಳುವುದು. ಗಾಡಿ ಓಡಿಸುವವನು ಮಾತ್ರ ಬರೆಯುವ ಹಾಗಿಲ್ಲ, ಓದುವ ಹಾಗೂ ಇಲ್ಲ. ಬೇರೆಯವರು ಒಂದೊಂದೇ ಗೆರೆ ಓದಬೇಕು, ಓಡಿಸುವವನು ಆಯಾ ಜಾಗಕ್ಕೆ ಕೈಯಿಟ್ಟು "ಆಯ್ತು" ಎನ್ನಬೇಕು. ಇದು ಅವರ ಕಟ್ಟಳೆ. ನಮ್ಮ ಮನೆಯಲ್ಲಿ ಆ ಕೆಲಸ ನನ್ನ ಪಾಲಿಗೆ ಬಂತು. ಮೈಸೂರಿನ ಕಾನ್ವೆಂಟಿನಲ್ಲಿ ಓದಿದವಳು, ಅಕ್ಷರ ದುಂಡಗಿದೆ ಎಂದು ಯಜಮಾನರು ಹೇಳಿದ್ದೇ ಕಾರಣ. ರೂಲು ಹಾಕಿದ ಹಾಳೆಯಲ್ಲಿ ಹನ್ನೊಂದು ಗೆರೆ ಬರೆದೆ. ಅವರು ಹಾಳೆಯನ್ನು ದೂರ ಹಿಡಿದು ನೋಡಿ, "ಕಡ್ಲೆಪುರಿ ಚೆಲ್ದಂಗವೆ" ಎಂದರು. ಹೊಗಳಿದ್ದೋ ಹೇಗೋ ತಿಳಿಯಲಿಲ್ಲ. ಆಮೇಲೆ ಬೆರಳಿಟ್ಟು ಗೆರೆಗಳನ್ನು ಎಣಿಸಿದರು. ಹನ್ನೊಂದಿದ್ದವು, ಸಮಾಧಾನವಾಯಿತು.

ಈ ಕಟ್ಟಳೆ ಎಲ್ಲಿಂದ ಬಂತೆಂದು ಒಮ್ಮೆ ಮಾತ್ರ ಹೇಳಿದರು. ಕ್ವಾರಿಯಲ್ಲಿ ಅವರ ಜೊತೆಗಾರನೊಬ್ಬ ದಿನವೂ ತನ್ನ ಲಾರಿಯನ್ನು ತಾನೇ ನೋಡಿಕೊಳ್ಳುತ್ತಿದ್ದನಂತೆ. ಜಾಣ. ಒಂದು ದಿನ ಬ್ರೇಕಿನ ಪೈಪು ಒದ್ದೆಯಾಗಿದ್ದದ್ದು ಅವನ ಕಣ್ಣಿಗೆ ಬೀಳಲಿಲ್ಲ. ಲಾರಿ ದಾರಿಯ ಅರ್ಧದಿಂದ ಹಿಂದಕ್ಕೆ ಜಾರಿದಾಗ ಇವರು ಓಡಿಹೋಗಿ ಚಕ್ರಕ್ಕೆ ಕಲ್ಲು ಕೊಟ್ಟರು. ಕಲ್ಲು ನಿಲ್ಲಲಿಲ್ಲ. ಇವರದು ಉಗುರು ಹೋಯಿತು, ಅವನದು ಜೀವ. "ತಾನೇ ನೋಡ್ಕಳೋನಿಗೆ ತನ್ನ ತಪ್ಪು ಕಾಣಕಿಲ್ಲ ಅಮ್ಮಾವ್ರೆ. ಪಕ್ಕದಲ್ಲಿ ಇನ್ನೊಂದು ಕಣ್ಣು ಬೇಕು. ಅದಕ್ಕೆ ಬಾಯೂ ಇರ್ಬೇಕು." ಹೇಳುವಾಗ ಹೆಬ್ಬೆರಳನ್ನು ಮುಷ್ಟಿಯೊಳಗೆ ಮುಚ್ಚಿಕೊಂಡಿದ್ದರು.

ಕೊನೆಯ ಮೂರು ಸಂಜೆ ಕರಿಘಟ್ಟದ ಹಿಂಬದಿಯ ಇಳಿಜಾರಿನಲ್ಲಿ ಅಭ್ಯಾಸ. ಯಜಮಾನರು ಹತ್ತಿಸುವುದು, ಮೇಸ್ತ್ರಿ ಪಕ್ಕದ ಸೀಟಿನಲ್ಲಿ ಕೂತು ನಡುದಾರಿಯಲ್ಲಿ ಬೇಕೆಂದೇ ಕೀ ತಿರುಗಿಸಿ ಇಂಜಿನ್ ಆರಿಸುವುದು. ಆಗ ನಾನು ಕೆಳಗೆ ನಿಂತು ಒಂಬತ್ತನೆಯ ಗೆರೆ ಓದಬೇಕು, ಯಜಮಾನರು ಅದರಂತೆ ಮಾಡಬೇಕು. ಇಂಜಿನ್ ಏರಿನಲ್ಲಿ ನಿಂತರೆ ಏನು ಮಾಡುವುದು ಎಂಬ ಗೆರೆ ಅದು. ಅಲ್ಲಿ ತಿರುಗಿಸಲು ಹೋದವನು ಮಗುಚಿಕೊಳ್ಳುತ್ತಾನೆ. ಬಂದ ದಾರಿಯಲ್ಲೇ, ರಿವರ್ಸ್ ಗೇರಿನಲ್ಲಿ, ನೆಟ್ಟಗೆ ಹಿಂದಕ್ಕಿಳಿಯಬೇಕು. ನಾನು ಓದುತ್ತಿದ್ದೆ. ಆದರೆ ನನ್ನ ದನಿ ಅಲ್ಲಿಯವರೆಗೆ ಹೋಗುತ್ತಲೇ ಇರಲಿಲ್ಲ.

"ಅಮ್ಮಾವ್ರೆ, ಓದಿದ್ರಾ?" ಮೇಲಿನಿಂದ ಮೇಸ್ತ್ರಿ.

"ಓದಿದೆ."

"ದೇವ್ರಿಗೆ ಕೇಳಿಸ್ತೇನೋ. ನಮ್ಗೆ ಕೇಳಿಸ್ನಿಲ್ಲ."

ಯಜಮಾನರು ನಗುತ್ತಿದ್ದರು. ಅರಕೆರೆಯ ಮನೆಯಲ್ಲಿದ್ದಾಗ ನನ್ನ ಮೆಲುದನಿಯೇ ನನ್ನ ಸರ್ಟಿಫಿಕೇಟು. ಸೊಸೆ ಮನೆಯಲ್ಲಿದ್ದಾಳೋ ಇಲ್ಲವೋ ಗೊತ್ತೇ ಆಗುವುದಿಲ್ಲ ಎಂದು ಅತ್ತೆ ಬಂದವರ ಮುಂದೆಲ್ಲ ಹೇಳುತ್ತಿದ್ದರು.

ಆ ಬೆಳಿಗ್ಗೆ ಅಂಗಳದಲ್ಲಿ ಹನ್ನೊಂದು ಗೆರೆಯನ್ನೂ ಓದಿದೆ. ಹನ್ನೊಂದಕ್ಕೂ "ಆಯ್ತು" ಬಂತು. ಮುಂದಿನ ಬಂಪರಿನ ನಟ್ಟನಡುವೆ ಕುಂಕುಮ ಇಟ್ಟೆ. ನಾನು ಬರುವುದು ಬೇಡ ಎಂದು ಯಜಮಾನರು ಮೆಲ್ಲಗೆ ಹೇಳಿ ನೋಡಿದರು, ಸಾಹೇಬರ ಮುಂದೆ ಚೆನ್ನಾಗಿರುವುದಿಲ್ಲವೆಂದು. ಮೇಸ್ತ್ರಿ ಬೀಡಿ ಹಚ್ಚುತ್ತಿದ್ದವರು ಕಡ್ಡಿ ಆರಿಸಿದರು. "ಓದೋರು ಬರದಿದ್ರೆ ನಾನೂ ಬರಕಿಲ್ಲ ಯಜಮಾನ್ರೆ." ಮಾತು ಅಲ್ಲಿಗೆ ಮುಗಿಯಿತು.

ಅರಕೆರೆಯಿಂದ ಮೈದುನ ಬಂದು ಸೇರಿಕೊಂಡ. ಕಬ್ಬಿನ ಟ್ರಾಕ್ಟರು ಓಡಿಸುವುದರಲ್ಲಿ ಊರಿಗೇ ಹೆಸರಾದವನು, ಅಣ್ಣನ ಮೇಲೆ ಜೀವ ಇಟ್ಟವನು. ಪಾಂಡವಪುರ ದಾಟಿ, ಜಕ್ಕನಹಳ್ಳಿ ದಾಟಿ, ನಾಗಮಂಗಲದಲ್ಲಿ ನಿಂತು ಟೀ ಕುಡಿದು ಬೆಟ್ಟದ ಬುಡ ಮುಟ್ಟುವಾಗ ಬಿಸಿಲೇರಿತ್ತು.

ಬುಡದಲ್ಲಿ ಸುಣ್ಣ ಬಳಿದ ಒಂದು ಗಡಿಕಲ್ಲಿತ್ತು. ಅದರೆದುರು ಜಿಪ್ಸಿ ನಿಂತಿತು. ಬಂಪರಿನ ಕುಂಕುಮ ಸರಿಯಾಗಿ ಆ ಕಲ್ಲಿನ ನೆತ್ತಿಯ ಮಟ್ಟಕ್ಕಿತ್ತು. ಇಂಥದ್ದು ನನ್ನ ಕಣ್ಣಿಗೆ ಬೀಳುತ್ತದೆ, ನಾನೇನು ಮಾಡಲಿ. ಸಾಹೇಬರು ತಮ್ಮ ಜೀಪಿನಲ್ಲಿ ಆಗಲೇ ಬಂದು ಕೈಗಡಿಯಾರ ನೋಡುತ್ತಿದ್ದರು. ಯಜಮಾನರನ್ನು ಕಾಗದಪತ್ರಕ್ಕೆಂದು ಆ ಕಡೆ ಕರೆದುಕೊಂಡರು. ಮುನ್ನೂರು ಹೆಜ್ಜೆ ಮೇಲೆ, ಕಣ್ಣಿಗೆ ಕಾಣುವಷ್ಟು ದೂರದಲ್ಲಿ, ದಾರಿ ಒಂದು ಹಾಸುಬಂಡೆಯ ಮೇಲೆ ಗೋಡೆಯಂತೆ ಏರುತ್ತಿತ್ತು. ಎಡಕ್ಕೆ ಕಲ್ಲುಕೊರಕಲು. ಮೇಸ್ತ್ರಿ ಆ ಬಂಡೆ ನೋಡಿಕೊಂಡು ಬರಲು ಹೊರಟರು. ಹೋಗುವ ಮುನ್ನ ನನ್ನತ್ತ ತಿರುಗಿ, "ಬ್ಯಾಟರಿ ಮಡಗೋವಾಗ ನಾಲ್ಕನೇ ಗೆರೆ ಓದ್ಬುಡಿ ಅಮ್ಮಾವ್ರೆ" ಎಂದರು.

ನಾಲ್ಕನೆಯ ಗೆರೆ: ಭಾರ ಮುಂದಕ್ಕೆ, ಕೆಳಕ್ಕೆ, ಚೌಕಟ್ಟಿನೊಳಗೆ.

ಕೇಂದ್ರದ ಆಳುಗಳು ಇಬ್ಬಿಬ್ಬರು ಹಿಡಿದು ಬ್ಯಾಟರಿ ತಂದರು. ಮೈದುನ ಗಾಡಿಯೊಳಗೆ ನಿಂತು ಇಳಿಸಿಕೊಂಡ. ಮೊದಲನೆಯದನ್ನು ಹಿಂದಿನ ಬಾಗಿಲಿನ ಹತ್ತಿರವೇ ಇಟ್ಟ. ಎರಡನೆಯದನ್ನು ಅದರ ಪಕ್ಕಕ್ಕೆ. ಮುಂದಿನ ಚೌಕಟ್ಟು ಖಾಲಿಯೇ ಉಳಿಯಿತು. ನಾನು ಕಾಗದ ಹಿಡಿದು ಹತ್ತಿರ ಹೋಗಿ, "ಭಾರ ಮುಂದಕ್ಕೆ..." ಎಂದೆ.

"ಅತ್ಗೆ, ನೀವು ಓಗಿ ನೆರಳಲ್ಲಿ ಕೂತ್ಕಳಿ," ಅಂದ ಮೈದುನ. ಒರಟಾಗಿ ಅಲ್ಲ, ಅಕ್ಕರೆಯಿಂದಲೇ. "ಹಿಂದೆ ಭಾರ ಇದ್ರೇನೇ ಚಕ್ರ ಕಚ್ಕಳೋದು. ನಾಲೆ ಏರಿ ಮ್ಯಾಲೆ ಮಳೆಗಾಲ್ದಲ್ಲಿ ನಾವು ಎರಡು ಮೂಟೆ ಮರಳು ಹಾಕ್ಕೊಂಡೇ ಓಡ್ಸೋದು. ಇವೆಲ್ಲ ನಮ್ಗೆ ಗೊತ್ತಿಲ್ವಾ?"

ಆಳುಗಳು ನನ್ನ ಕೈಯ ಕಾಗದ ನೋಡಿ ಮುಖ ಮುಖ ನೋಡಿಕೊಂಡರು. ಒಬ್ಬ ನಕ್ಕ. ಅತ್ತ ಸಾಹೇಬರು, "ಏನ್ರೀ, ಇನ್ನೂ ಎಷ್ಟೊತ್ತು?" ಎಂದು ಕೂಗಿದರು. ನಾನು ಹೋಗಿ ನೆರಳಲ್ಲಿ ಕೂತೆ.

ಆರನೆಯ ಬ್ಯಾಟರಿ ಇಳಿದಾಗ ನೋಡಿದೆ. ಬಂಪರಿನ ಕುಂಕುಮ ಗಡಿಕಲ್ಲಿನ ನೆತ್ತಿಗಿಂತ ನಾಲ್ಕು ಬೆರಳು ಮೇಲಿತ್ತು. ಹಿಂದಿನ ಚಕ್ರದ ರಬ್ಬರು ಪರದೆ ಧೂಳಿಗೆ ತಾಗುತ್ತಿತ್ತು. ಜಿಪ್ಸಿ ಮೂತಿ ಎತ್ತಿಕೊಂಡು ಕೂತಿತ್ತು. ನನಗೆ ಎಲ್ಲವೂ ಗೊತ್ತಾಯಿತು. ನೊಗ, ಹಗ್ಗ, ಕೊರಳು, ಎಲ್ಲ. ಯಜಮಾನರು ಓಡುತ್ತ ಬಂದು ಸೀಟಿನಲ್ಲಿ ಕೂತರು. ಹಿಂತಿರುಗಿ ನೋಡಲಿಲ್ಲ. ತಮ್ಮನೇ ತುಂಬಿದ್ದಾನಲ್ಲ. ನನ್ನ ಕಡೆ ನೋಡಿ ಒಂದು ಸಲ ತಲೆಯಾಡಿಸಿದರು. ನಾನೂ ತಲೆಯಾಡಿಸಿದೆ. ಆ ತಲೆಯಾಡಿಸಿದ್ದನ್ನು ನೆನೆದರೆ ಈಗಲೂ ಕತ್ತು ಬಿಸಿಯಾಗುತ್ತದೆ.

ಮೊದಲ ಮುನ್ನೂರು ಹೆಜ್ಜೆ ಗಾಡಿ ಚೆನ್ನಾಗಿಯೇ ಹೋಯಿತು. ಬಂಡೆಯ ಮೇಲೆ ಹತ್ತುತ್ತಿದ್ದಂತೆ ಮುಂದಿನ ಚಕ್ರಗಳು ಒಮ್ಮೆ ನೆಲ ಬಿಟ್ಟು ಎದ್ದವು. ಮೆಲ್ಲಗೆ, ಕುದುರೆ ಕಾಲೆತ್ತುವ ಹಾಗೆ. ಮತ್ತೆ ಕೂತವು. ಇಂಜಿನ್ ಕೆಮ್ಮಿ ನಿಂತುಹೋಯಿತು. ಬೆಟ್ಟವೆಲ್ಲ ಒಮ್ಮೆಲೇ ನಿಶ್ಶಬ್ದವಾಯಿತು.

ನಾನು ಯಾವಾಗ ಎದ್ದೆನೋ ತಿಳಿಯದು. ಸೀರೆಯ ನೆರಿಗೆ ಹಿಡಿದುಕೊಂಡು ಓಡುತ್ತಿದ್ದೆ. ಚಪ್ಪಲಿ ಒಂದು ಎಲ್ಲೋ ಬಿತ್ತು. ಮೇಲೆ ಹೋದಾಗ ಜಿಪ್ಸಿ ಬಂಡೆಗೆ ಅಂಟಿಕೊಂಡಂತೆ ನಿಂತಿತ್ತು. ಬ್ರೇಕಿನ ಮೇಲೆ ಯಜಮಾನರ ಕಾಲು. ಮೇಸ್ತ್ರಿ ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು ಎರಡೂ ಕೈಯಲ್ಲಿ ಒತ್ತಿ ಹಿಡಿದು ಕೂತಿದ್ದರು. ಆ ಹೆಬ್ಬೆರಳು ಕಲ್ಲೂ ರಬ್ಬರೂ ಕೂಡುವ ಜಾಗದಿಂದ ಒಂದಂಗುಲ ಆಚೆ ಇತ್ತು. ಸುತ್ತ ಮೈದುನ, ಆಳುಗಳು, ಸಾಹೇಬರ ಡ್ರೈವರು.

"ಆಕ್ಸಲೇಟರ್ ಕೊಡು, ಕೊಡು."

"ಎಡಕ್ಕೆ ಎಳಿ ಸ್ಟೇರಿಂಗು."

"ಅಣ್ಣ, ನೆಗ್ದ್‌ಬುಡು, ಗಾಡಿ ಓದ್ರೆ ಓಗ್ಲಿ."

ಯಜಮಾನರ ಮುಖ ಸುಣ್ಣದಂತಾಗಿತ್ತು. ಯಾರ ಮಾತು ಕೇಳಬೇಕೆಂದು ತಿಳಿಯದೆ ಎಲ್ಲರ ಬಾಯಿಯನ್ನೂ ನೋಡುತ್ತಿದ್ದರು. ಅವರ ಕೈ ಸ್ಟೇರಿಂಗನ್ನು ಎಡಕ್ಕೆ, ಕೊರಕಲಿನ ಕಡೆಗೆ, ಎಳೆಯತೊಡಗಿದ್ದು ನನಗೆ ಕಾಣಿಸಿತು.

"ಎಲ್ಲ ಬಾಯಿ ಮುಚ್ರಲಾ," ಎಂದರು ಮೇಸ್ತ್ರಿ. ಕಲ್ಲಿನಿಂದ ಕೈ ತೆಗೆಯಲಿಲ್ಲ, ತಲೆಯನ್ನೂ ಎತ್ತಲಿಲ್ಲ. ನನ್ನ ಒಂದು ಬರಿಗಾಲು ಅವರಿಗೆ ಕಂಡಿರಬೇಕು. "ಓದವ್ವ. ಒಂಬತ್ನೇ ಗೆರೆ."

ಕಾಗದ ಬಿಡಿಸಿ ಹಿಡಿದೆ. ಅಕ್ಷರಗಳು ನಿಜಕ್ಕೂ ಚೆಲ್ಲಿದ ಕಡಲೆಪುರಿಯಾಗಿದ್ದವು. ಬೆಳಗಿನ ಪ್ರಾರ್ಥನೆಯಲ್ಲಿ ಪಾಠ ಓದುವುದಕ್ಕೆ ನಮ್ಮ ಕಾನ್ವೆಂಟಿನ ಸಿಸ್ಟರ್ ಒಬ್ಬರು ಕಲಿಸುತ್ತಿದ್ದರು: ಮುಂದಿನ ಸಾಲನ್ನು ನೋಡಬೇಡ, ಕೊನೆಯ ಸಾಲಿನ ಗೋಡೆಯನ್ನು ನೋಡು, ಗೋಡೆಗೆ ಕೇಳಿಸುವ ಹಾಗೆ ಓದು. ನಾನು ಜಿಪ್ಸಿಯ ಆಚೆಯ ಬಂಡೆಯನ್ನು ನೋಡಿದೆ.

"ಬ್ರೇಕಿನ ಮೇಲಿನ ಕಾಲು ತೆಗೆಯಬಾರದು," ಎಂದೆ. ಎಲ್ಲಿಂದ ಬಂತೋ ಆ ದನಿ. ಬೆಟ್ಟ ಅದನ್ನು ಒಮ್ಮೆ ಹಿಂದಿರುಗಿಸಿತು.

ಯಜಮಾನರು ನನ್ನ ಕಡೆ ತಿರುಗಿದರು.

"ಸ್ಟೇರಿಂಗ್ ನೆಟ್ಟಗೆ."

ಚಕ್ರ ಎಡದಿಂದ ಮೆಲ್ಲಗೆ ನೇರಕ್ಕೆ ಬಂತು.

"ಕ್ಲಚ್ ಒತ್ತಿ ರಿವರ್ಸ್ ಹಾಕುವುದು. ಕ್ಲಚ್ ಪೂರ್ತಿ ಬಿಡುವುದು."

ಗಾಡಿ ಒಂದು ಕೂದಲೆಳೆಯಷ್ಟು ಅಲ್ಲಾಡಿತು. ಮೇಸ್ತ್ರಿಯ ಕೈ ಕಲ್ಲಿನ ಮೇಲೇ ಇತ್ತು. ಅವರು ತಲೆ ಅಲ್ಲಾಡಿಸಿದರು, ಮುಂದಕ್ಕೆ ಓದು ಎಂದು. ಆಮೇಲೆ ಕಲ್ಲು ಸರಿಸಿ, ಪಕ್ಕಕ್ಕೆ ಉರುಳಿಕೊಂಡರು.

"ಈಗ ಕೀ. ಬ್ರೇಕ್ ಮೆಲ್ಲಗೆ, ಮೆಲ್ಲಗೆ ಸಡಿಲಿಸುವುದು."

ಇಂಜಿನ್ ಗೇರಿನಲ್ಲೇ ಎರಡು ಸಲ ತಿಣುಕಿ ಹೊತ್ತಿಕೊಂಡಿತು. ಜಿಪ್ಸಿ ಹಿಂದಕ್ಕೆ ಇಳಿಯತೊಡಗಿತು. ಗೇರು ಅದನ್ನು ಬಿಗಿಹಿಡಿದಿತ್ತು, ಮುದುಕರು ಮೆಟ್ಟಿಲಿಳಿಯುವಷ್ಟು ನಿಧಾನ. ನಾನು ಪಕ್ಕದಲ್ಲೇ ಹಿಂದಕ್ಕೆ ನಡೆಯುತ್ತ ಅದೇ ಒಂದು ಮಾತು ಹೇಳುತ್ತಿದ್ದೆ, "ನೆಟ್ಟಗೆ. ನೆಟ್ಟಗೆ." ಗಡಿಕಲ್ಲು ಮುಟ್ಟುವವರೆಗೂ ನಿಲ್ಲಿಸಲಿಲ್ಲ.

ಸಾಹೇಬರು ಬೆವರು ಒರೆಸಿಕೊಂಡು, "ಸಾಕು ಬಿಡ್ರೀ, ಆಗೋ ಕೆಲಸ ಅಲ್ಲ ಇದು" ಎಂದರು. ಯಜಮಾನರು ಸ್ಟೇರಿಂಗಿನ ಮೇಲೆ ಹಣೆಯಿಟ್ಟು ಕೂತಿದ್ದರು. ಮೇಸ್ತ್ರಿ ಹಿಂದಿನ ಬಾಗಿಲು ತೆರೆದು ಬ್ಯಾಟರಿಗಳನ್ನು ನೋಡಿದರು. ಮೈದುನ ಕಟ್ಟಿದ್ದ ಹಗ್ಗ ಹಿಡಿದಿತ್ತು, ಒಂದೂ ಉರುಳಿರಲಿಲ್ಲ. ಮೈದುನ ಏನೋ ಹೇಳಲು ಬಂದ.

"ನಿನ್ನ ಟ್ರಾಕ್ಟ್ರು ಮಾತು ಟ್ರಾಕ್ಟ್ರಿಗೆ ಸರಿ ಕಣ್ಲಾ," ಎಂದರು ಮೇಸ್ತ್ರಿ. "ಅದು ಕೆಸ್ರು, ಇದು ಏರು. ಬಾ, ಒಂದು ಕೈ ಹಿಡಿ." ಬೈಗುಳ ಅಷ್ಟೇ. ಆಮೇಲೆ ಸಾಹೇಬರ ಕಡೆ ತಿರುಗಿ, "ಸ್ವಾಮಿ, ಇನ್ನೊಂದು ಸಲ. ಈ ಸಲ ನೀವೇ ನಿಂತು ಕೇಳಿ, ಇವ್ರು ಓದ್ತಾರೆ" ಎಂದರು.

ಸಾಹೇಬರು ನನ್ನನ್ನು ಆಗ ಮೊದಲ ಸಲ ನೋಡಿದರು. ಕೈಕಟ್ಟಿ ನಿಂತರು.

ಬ್ಯಾಟರಿಗಳೆಲ್ಲ ಮುಂದಕ್ಕೆ, ಚೌಕಟ್ಟಿನೊಳಗೆ ಹೋದವು. ನಾನು ಒಂದನೆಯ ಗೆರೆಯಿಂದ ಓದಿದೆ. ಟೈರಿನ ಗಾಳಿ, ಮುಂದಿನ ಚಕ್ರದ ಲಾಕು, ಚಿಕ್ಕ ಗೇರು. ಒಂದೊಂದಕ್ಕೂ ಯಜಮಾನರು ಕೈಯಿಟ್ಟು "ಆಯ್ತು" ಎಂದರು. ನಾಲ್ಕನೆಯ ಗೆರೆ ಓದುವ ಮೊದಲು ಕುಂಕುಮ ನೋಡಿದೆ. ಕಲ್ಲಿನ ನೆತ್ತಿಗೆ ಸರಿಯಾಗಿತ್ತು. ಹನ್ನೊಂದೂ ಮುಗಿಯುವವರೆಗೆ ಸಾಹೇಬರು ಕೈಗಡಿಯಾರ ನೋಡಲಿಲ್ಲ.

ಜಿಪ್ಸಿ ಬಂಡೆಯ ಮೇಲೆ ಹಲ್ಲಿಯ ಹಾಗೆ ಹತ್ತಿತು. ಚಕ್ರ ಏಳಲಿಲ್ಲ. ತಿರುವಿನಾಚೆ ಮರೆಯಾಯಿತು. ಬಹಳ ಹೊತ್ತಿನ ಮೇಲೆ ತುದಿಯಿಂದ ಮೂರು ಸಲ ಹಾರನ್ ಕೇಳಿಸಿತು. ಮೈದುನ ಅಲ್ಲೇ ನೆಲದ ಮೇಲೆ ಕುಕ್ಕರಿಸಿದ. ಕೆಲಸ ನಮ್ಮದಾಯಿತು. ಬೆಟ್ಟಕ್ಕೆ ಒಳ್ಳೆಯ ರಸ್ತೆ ಬರುವವರೆಗೆ, ವರ್ಷಗಟ್ಟಲೆ, ನಮ್ಮ ಮನೆ ನಡೆದದ್ದು ಅದರಿಂದಲೇ.

ಗಾಡಿ ಇಳಿದು ಬರುವುದನ್ನು ಕಾಯುತ್ತ ಕೂತಿದ್ದಾಗ ಮೇಸ್ತ್ರಿ ನನ್ನ ಒಂಟಿ ಚಪ್ಪಲಿ ಹುಡುಕಿ ತಂದು ಕಾಲ ಬಳಿ ಇಟ್ಟರು. ಸ್ವಲ್ಪ ದೂರದಲ್ಲಿ ಕೂತು ಬೀಡಿ ಹಚ್ಚಿದರು.

"ಮೂತಿ ಎದ್ದಿದ್ದು ನೀವು ಮೊದ್ಲೇ ನೋಡಿದ್ರಿ, ಅಲ್ವಾ?"

ಹೌದೆಂದೆ.

"ನೋಡಿರ್ತೀರಿ. ನಿಮ್ಮ ಕಣ್ಣಿಗೆ ಬೀಳದಿರೋದು ಯಾವ್ದದೆ." ಹೊಗೆ ಬಿಟ್ಟು ಬೆಟ್ಟ ನೋಡಿದರು. "ನಿಮ್ಮ ಮೈದ್ನಂಗೆ ಗೊತ್ತಿರ್ನಿಲ್ಲ. ಗೊತ್ತಿಲ್ದೆ ಮಾಡ್ದೋನ್ನ ಬೈದೇನು ಬಂತು. ಗೊತ್ತಿದ್ದೋರು ಸುಮ್ಕಿದ್ರೆ ಎಂಗೆ ಕಣವ್ವ?"

ಅವರು ಬೈದದ್ದಲ್ಲ. ಬೈದಿದ್ದರೆ ಇಷ್ಟು ವರ್ಷ ಉಳಿಯುತ್ತಿರಲಿಲ್ಲ. ಅಂದಿನಿಂದ ಅವರು ನನ್ನನ್ನು ಅಮ್ಮಾವ್ರೆ ಎನ್ನಲಿಲ್ಲ. ಆಮೇಲೆ ಎಷ್ಟೋ ಸಲ, ಮಗನ ಜ್ವರಕ್ಕೆ ಡಾಕ್ಟರು ಬರೆದ ಔಷಧಿಯ ಅಳತೆ ಸರಿಯಿಲ್ಲವೆನಿಸಿದಾಗ, ಅರಕೆರೆಯ ಪಾಲುಪಟ್ಟಿಗೆ ಗಂಡಸರು ಸಹಿ ಹಾಕಲು ಕೂತಾಗ, ನನ್ನೊಳಗೆ ಯಾರೋ ಕಲ್ಲು ಒತ್ತಿ ಹಿಡಿದು "ಓದವ್ವ" ಎನ್ನುತ್ತಿದ್ದರು. ಓದಿದ್ದೇನೆ. ಎಲ್ಲ ಸಲವೂ ಅಲ್ಲ, ಆದರೆ ಹೆಚ್ಚಿನ ಸಲ.

ಅವರು ತೀರಿಕೊಂಡ ಸುದ್ದಿ ನಮಗೆ ಮುಟ್ಟುವಾಗ ಎಲ್ಲ ಮುಗಿದಿತ್ತು. ಹೇಮಗಿರಿಯ ಹತ್ತಿರದ ಅವರ ಮನೆಗೆ ನಾವಿಬ್ಬರೂ ಹೋದೆವು. ಅವರ ಹೆಂಡತಿ ಚಾಪೆ ಹಾಸಿ ಕೂರಿಸಿದರು. ಗೋಡೆಯ ಗೂಡಿನಲ್ಲಿ ನನ್ನ ಇಡ್ಲಿ ತಟ್ಟೆ ಇತ್ತು. ಪ್ರತಿ ಗುಳಿಯಲ್ಲೂ ನಟ್ಟು ಬೋಲ್ಟು, ಯಾವುದೋ ಅರ್ಧ ಬಿಚ್ಚಿದ ಗಾಡಿಯದು. ಒಂದನ್ನೂ ಕದಲಿಸಿರಲಿಲ್ಲ. "ಯಾರ್ದು ಎಲ್ಲಿಗೆ ಓಗ್ಬೇಕೋ ನಮ್ಗೇನ್ ಗೊತ್ತು, ಅಂಗೇ ಬುಟ್ಟಿವ್ನಿ" ಎಂದರು ಆಕೆ. ಯಜಮಾನರು ಎದ್ದು ಹೊರಗೆ ಹೋಗಿ ಬಹಳ ಹೊತ್ತು ಹೊಳೆ ನೋಡುತ್ತ ನಿಂತಿದ್ದರು.

ಆದರೆ ನನಗೆ ಅವರು ಹೆಚ್ಚಾಗಿ ನೆನಪಾಗುವುದು ಆ ಪರೀಕ್ಷೆಯ ದಿನದ ಸಂಜೆಯೊಂದಿಗೆ. ಗಂಜಾಮಿಗೆ ವಾಪಸು ಬಂದಾಗ ದೀಪ ಹಚ್ಚುವ ಹೊತ್ತು. ಮೇಸ್ತ್ರಿ ಪಾಂಡವಪುರದಲ್ಲೇ ಇಳಿದುಕೊಂಡಿದ್ದರು. ಬೆಳಗಿನ ರಂಗೋಲಿ ಚಕ್ರದ ಗುರುತಿನ ಕೆಳಗೆ ಅರ್ಧ ಉಳಿದಿತ್ತು. ನಾನು ಸೀರೆಯ ಹರಿದ ಅಂಚನ್ನು ಒಳಗೆ ಸಿಕ್ಕಿಸಿಕೊಂಡು ಬೀಗ ತೆಗೆಯುವಾಗ ಪಕ್ಕದ ಮನೆಯಾಕೆ ಕಾಂಪೌಂಡಿನ ಮೇಲೆ ಬಗ್ಗಿ, ನಮ್ಮ ಗಿಡದ ಕರಿಬೇವು ಕಿತ್ತುಕೊಳ್ಳುತ್ತಿದ್ದರು.

"ಬೆಳಿಗ್ಗೆಯಿಂದ ಬೀಗ. ಎಲ್ಲೋಗಿದ್ರಿ?"

ನಾಗಮಂಗಲ ಎಂದು ಹೇಳಲು ಹೋದೆ. ಬರೀ ಗಾಳಿ ಬಂತು, ಮಾತು ಬರಲಿಲ್ಲ. ಗಂಟಲು ಮುಟ್ಟಿ ತೋರಿಸಿದೆ.

"ಅಯ್ಯೋ, ಕಟ್ಕೊಂಡದಾ? ವಸಿ ಮೆಣಸಿನ ಕಷಾಯ ಕುಡೀರಿ," ಎನ್ನುತ್ತ ಆಕೆ ಇನ್ನೊಂದು ಎಸಳು ಮುರಿದುಕೊಂಡರು. "ಅಲ್ಲ, ನೀವು ಮಾತಾಡೋದೇ ಪಿಸುಪಿಸು. ನಿಮ್ಗೆ ಎಂಗೆ ಕಟ್ಕತ್ತು ಗಂಟ್ಲು?"